ನೋಹನ ನಾವೆಗೆ ಹಿಡಿಸದ ಎತ್ತುಗಳು

ಇಂದು ಬೈಲಹೊಂಗಲದ ಪೇಟೆಯಲ್ಲಿ ಮಾರಾಟಕ್ಕಿಟ್ಟ ಮಣ್ಣೆತ್ತುಗಳ ಹಸಿ ವಾಸನೆ ನನ್ನನ್ನು ತಡೆದು ನಿಲ್ಲಿಸಿತು.

ನಾನು ಚಿಕ್ಕವನಿದ್ದಾಗ, ಕ್ರೈಸ್ತರಾದ ನಮ್ಮ ಮನೆಯಲ್ಲಿ ಅವ್ವ ಭಾನುವಾರಗಳಂದು ಬೈಬಲ್ ಕಥೆಗಳನ್ನು ಕೈಕೆಲಸದಿಂದಲೇ ಕಲಿಸುತ್ತಿದ್ದಳು. ಒಂದು ವಾರ, ಮಹಾಪ್ರಳಯದಲ್ಲಿ ಪ್ರಾಣಿಗಳನ್ನು ಜೋಡಿಜೋಡಿಯಾಗಿ ನಾವೆಗೆ ಹತ್ತಿಸಿ ಉಳಿಸಿದ ನೋಹನ ಕಥೆ. ನಾನು ರಟ್ಟನ್ನು ಅಳೆದು ಕತ್ತರಿಸಿ ನಾವೆ ಕಟ್ಟಿದೆ. ತಂಗಿ ಕರಿಮಣ್ಣಿನಲ್ಲಿ ಎರಡು ಎತ್ತು ಮಾಡಿದಳು. ಮುಂಗಾರಿನ ಅಮಾವಾಸ್ಯೆಗೆ ನೆರೆಮನೆಯವರು ಪೂಜಿಸುವ ಮಣ್ಣೆತ್ತುಗಳಂತೆ ಅವಕ್ಕೂ ಗುಲಗಂಜಿಯ ಕಣ್ಣು, ಕೊರಳಲ್ಲಿ ಜೋಳದ ಸರ.

ಅವ್ವ ನಕ್ಕಳು: "ನೋಹಪ್ಪಗ ಹೊಲಾನೂ ಇತ್ತೇನವಾ?"

"ಮಳಿ ನಿಂತ ಮ್ಯಾಲ ಉಳಬೇಕಲ್ಲವಾ!" ಎಂದಳು ತಂಗಿ.

ಎತ್ತುಗಳು ನಾವೆಯ ಬಾಗಿಲಲ್ಲಿ ಹಿಡಿಸಲಿಲ್ಲ.

"ಬಾಗಲಾ ದೊಡ್ಡದು ಮಾಡೋ," ಎಂದಳು ಅವ್ವ.

ನನ್ನ ಅಳತೆ ತಪ್ಪೆಂದಂತಾಗಿ ಸಿಟ್ಟು ಬಂತು. ಸಂಜೆ ಮನೆಗೆ ಬಂದ ಅಪ್ಪನಿಗೆ, "ಈಕಿ ಪೂಜಿ ಎತ್ತು ಮಾಡ್ಯಾಳ," ಎಂದು ಹೇಳಿಬಿಟ್ಟೆ. ಅಪ್ಪ ಎರಡನ್ನೂ ಒಗೆಯುವ ಕಲ್ಲಿನ ಮೇಲೆ ಒಡೆದು, ಅವ್ವನತ್ತ ತಿರುಗಿ, "ಮಕ್ಕಳಿಗೆ ವಿಗ್ರಹ ಮಾಡೂದು ಕಲಸ್ತೀಯೇನ?" ಎಂದು ಗದರಿದ. ತಂಗಿ ಅಳದೆ ಗುಲಗಂಜಿಗಳನ್ನು ಹುಡುಕಿದಳು, ಮೂರು ಸಿಕ್ಕವು. ಭಾನುವಾರದ ಪಾಠ ಅಂದಿಗೇ ನಿಂತಿತು.

ಈಗ ಒಂದು ಜೋಡಿ ಕೊಂಡು ತಂಗಿಗೆ ಫೋನ್ ಮಾಡಿದೆ: "ನಿನಗಂತ ಮಣ್ಣೆತ್ತು ತಗೊಂಡೇನಿ."

ಅವಳು, "ಈಗರ ಬಾಗಲಾ ದೊಡ್ಡದು ಮಾಡೀಯೇನಣ್ಣಾ?" ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ಫೋನ್ ಇಟ್ಟಳು.