ಚಿಪ್ಪಕ್ಕನ ಎರಡನೇ ಬಟ್ಟಲು

ಬಂದರಿನ ಪ್ರಯೋಗಾಲಯದ ವಿಜ್ಞಾನಿಗೆ ಮೀನುಪೇಟೆಯವರು ಇಟ್ಟ ಹೆಸರು ಚಿಪ್ಪಕ್ಕ. ಬೆಳಗ್ಗೆ ಬಂದವಳು ಕೈಚೀಲ ಇಳಿಸುವ ಮೊದಲೇ ಬೆಚ್ಚನೆಯ ಪೆಟ್ಟಿಗೆಯೊಳಗೆ ಇಣುಕಿ, ನಿನ್ನೆ ಚಿಪ್ಪುಮೀನಿನ ರಸ ಸವರಿಟ್ಟ ಗಾಜಿನ ತಟ್ಟೆಗಳನ್ನು "ಎದ್ರೇನ್ರೋ?" ಎಂದು ವಿಚಾರಿಸುತ್ತಾಳೆ. ರೋಗ ತರುವ ಬ್ಯಾಕ್ಟೀರಿಯಾ ಹಸಿರು ಚುಕ್ಕೆಗಳಾಗಿ ಎದ್ದಿದ್ದರೆ ಮುಗಿಯಿತು, ಕಾರಿಡಾರಿನುದ್ದಕ್ಕೂ ಓಡಿ, ಕಾವಲುಗಾರನನ್ನೂ ಬಿಡದೆ ಎಳೆತಂದು ತೋರಿಸುತ್ತಾಳೆ. ನೆಂಟರ ಮನೆಗೆ ಊಟಕ್ಕೆ ಹೋದರೂ ಅವಳ ಥರ್ಮಾಮೀಟರ್ ನೇರವಾಗಿ ಒಲೆಯ ಮೇಲಿನ ಪಾತ್ರೆಗೆ ಇಳಿಯುತ್ತದೆ. "ಇದಕ್ಕಿನ್ನೂ ಜ್ವರ ಸಾಲದು, ಚೆನ್ನಾಗಿ ಕುದೀಲಿ," ಎನ್ನುತ್ತಾಳೆ. ಪಕ್ಕದಲ್ಲಿದ್ದ ಗಂಡ ಗೋಡೆ ನೋಡುತ್ತಾನೆ. ಆದರೆ ಅವಳ ನಿಜವಾದ ಹುಚ್ಚು ಕೆರಳುವುದು ತಟ್ಟೆಗಳು ಖಾಲಿ ಬಂದಾಗ. ಹಿಂದೆ ಚುಕ್ಕೆ ಎದ್ದಾಗ ಅವಳು ಕೊಟ್ಟ ವರದಿಯಿಂದಲೇ ಪೇಟೆಯಲ್ಲಿ ಚಿಪ್ಪುಮೀನು ಬೇಯಿಸಿ ಮಾರುವ ಅಜ್ಜಿಯ ವ್ಯಾಪಾರ ನಿಂತುಹೋಗಿರುತ್ತದೆ. ಸರಕು ಬದಲಾಗಿ, ಮತ್ತೆ ಮತ್ತೆ ಪರೀಕ್ಷಿಸಿದರೂ ಒಂದು ಚುಕ್ಕೆಯೂ ಏಳದಿದ್ದರೆ, ಬಿಳಿ ಕೋಟು ಕಳಚುವುದನ್ನೂ ಮರೆತು ಅಲ್ಲಿಗೆ ಹಾರುತ್ತಾಳೆ. "ಅಜ್ಜಿ, ಒಲೆ ಹಚ್ಚು. ಇವತ್ತು ಮೊದಲ ಗಿರಾಕಿ ನಾನೇ," ಎಂದು, ಬೆಂದದ್ದನ್ನು ನಡುಬೀದಿಯಲ್ಲಿ ಎಲ್ಲರಿಗೂ ಕಾಣುವಂತೆ ನಿಂತು ತಿಂದು, ಬೆರಳು ನೆಕ್ಕಿ, "ಇನ್ನೊಂದು ಬಟ್ಟಲು ಹಾಕು," ಎನ್ನುತ್ತಾಳೆ. ಇಷ್ಟು ದಿನ ಮುಖ ತಿರುಗಿಸಿಕೊಂಡು ಹೋಗುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಬಂದು ಅಂಗಡಿಯನ್ನು ಮುತ್ತುತ್ತಾರೆ. ಆ ಸಂಜೆ ಮನೆಯಲ್ಲಿ ಗಂಡ ನಿಂಬೆಹಣ್ಣು ಹೆಚ್ಚಿ ಅವಳ ಕೈಗಿಡುತ್ತಾನೆ. ಚಿಪ್ಪುಮೀನು ಬಾಯಿಗಿಟ್ಟರೆ ಅವಳಿಗೆ ಚಿಕ್ಕಂದಿನಿಂದಲೂ ಹೊಟ್ಟೆ ತೊಳಸುತ್ತದೆಂಬುದು ಗೊತ್ತಿರುವುದು ಅವನೊಬ್ಬನಿಗೇ.