ಅಳತೆಗೆ ಮುಂಚೆ ಉಸಿರು

ಲಷ್ಕರ್ ಮೊಹಲ್ಲಾದಲ್ಲಿ ನನ್ನ ರವಿಕೆ ಹೊಲಿಯುತ್ತಿದ್ದ ಟೈಲರಮ್ಮ, ಎದೆಗೆ ಟೇಪು ಸುತ್ತಿದ ಕೂಡಲೇ ಅಂಕಿ ನೋಡುತ್ತಿರಲಿಲ್ಲ. ಕನ್ನಡಕವನ್ನು ಹಣೆಗೇರಿಸಿ ನನ್ನ ಮುಖವನ್ನೇ ನೋಡುತ್ತಾ, "ಉಸಿರು ಬುಡು ಕಣಮ್ಮ, ಆಮೇಲೆ ಅಳತೆ," ಎನ್ನುತ್ತಿದ್ದರು. ಅವರ ಮುಂದೆ ಎಲ್ಲ ಹೆಂಗಸರೂ ಹೊಟ್ಟೆ ಎಳೆದುಕೊಂಡೇ ನಿಲ್ಲುತ್ತಿದ್ದರಂತೆ.

ಒಮ್ಮೆ ಅವರನ್ನು ನಮ್ಮ ಚಿತ್ರಸಮಾಜದ ಪ್ರದರ್ಶನಕ್ಕೆ ಕರೆದೊಯ್ದೆ. ಹೆಣ್ಣಿನ ಕಾಮದ ಬಗ್ಗೆ ನಾಲ್ವರು ನಿರ್ದೇಶಕಿಯರು ಹೇಳಿದ ನಾಲ್ಕು ಕತೆಗಳ ಸಿನಿಮಾ. ಎಂಥದ್ದೆಂದು ಮೊದಲೇ ತಿಳಿಸಿದ್ದೆ. "ನೋಡೇ ಬುಡೋಣ ನಡಿ," ಎಂದಿದ್ದರು.

ಮುಗಿದ ಮೇಲೆ ಅಭಿಪ್ರಾಯ ಹೇಳುವ ಸರದಿ. ಮೈಕು ಗಂಡಸರ ಕೈಯಲ್ಲೇ ಸುತ್ತಾಡಿತು. ಒಬ್ಬರು ಕ್ಯಾಮೆರಾ ಹೊಗಳಿದರು. ನಿವೃತ್ತ ಮೇಷ್ಟ್ರೊಬ್ಬರು, "ಇದನ್ನೆಲ್ಲ ಹೆಂಗಸರೇ ತೆಗೀಬೇಕಿತ್ತೇನ್ರೀ?" ಎಂದರು. ನನಗೆ ಸಿನಿಮಾ ತುಂಬ ಹಿಡಿಸಿತ್ತು. ಆದರೆ ಮೈಕು ಬಂದಾಗ ಪಕ್ಕದಲ್ಲಿದ್ದ ಟೈಲರಮ್ಮನಿಗೆ ದಾಟಿಸಿಬಿಟ್ಟೆ.

ಅವರು ಸೆರಗು ಸರಿಮಾಡಿಕೊಂಡು ಎದ್ದರು. "ಸ್ವಾಮಿ, ಮೂವತ್ತು ವರ್ಷದಿಂದ ಹೆಂಗಸ್ರ ಮೈ ಅಳೀತಿವ್ನಿ. ನೋಡೋರು ಏನಂದ್ಕತಾರೋ ಅಂತ ಎಲ್ರೂ ಉಸಿರು ಹಿಡ್ಕೊಂಡೇ ನಿಂತ್ಕತಾರೆ. ಈ ಸಿನಿಮಾದಲ್ಲಿರೋ ಹೆಂಗಸ್ರು ಹೊಟ್ಟೆ ಸಡ್ಲ ಬುಟ್ಕೊಂಡು ಓಡಾಡ್ತವ್ರೆ. ತೆಗೆದೋರು ಹೆಂಗಸ್ರು, ಅದಕ್ಕೇ ಅಂಗೆ. ಮೂರನೇ ಕತೇಲಿ ರವಿಕೆ ಹುಕ್ಕು ಮಾತ್ರ ಸುಳ್ಳು. ಅಷ್ಟು ಸಲೀಸಾಗಿ ಬಿಚ್ಚಲ್ಲ ಕಣ್ರೀ."

ಮೊದಲು ನಕ್ಕವರು ಹೆಂಗಸರು. ಆ ನಗು ಅಡಗುವ ಮುನ್ನ ಟೈಲರಮ್ಮ ಮೈಕನ್ನು ಮತ್ತೆ ನನ್ನ ಕೈಗಿಟ್ಟು, ಕನ್ನಡಕವನ್ನು ಹಣೆಗೇರಿಸಿ ನನ್ನ ಮುಖ ನೋಡಿದರು.

ಅವತ್ತು ಏನು ಹೇಳಿದೆನೋ ಈಗ ನೆನಪಿಲ್ಲ. ಎದ್ದು ನಿಂತಿದ್ದೆ, ಹೊಟ್ಟೆ ಎಳೆದುಕೊಳ್ಳದೆ.