ಹತ್ತು ನಿಮಿಷದ ನೀತಿ

ಸ್ವೀಡನ್ನಿನ ಲುಂಡ್ ಊರಿನ ಒಂದು ಸರಕಾರಿ ಶಾಲೆಯಲ್ಲಿ ಗುರುವಾರ ಮೂರು ಗಂಟೆಗೆ ಕನ್ನಡ ಪಾಠ ನಡೆಯುತ್ತದೆ. ಒಂದು ಮನೆಮಾತಿನ ಐದು ಮಕ್ಕಳಾದರೂ ಇದ್ದರೆ ಕೊಮ್ಮುನ್, ಎಂದರೆ ಇಲ್ಲಿನ ಊರಾಡಳಿತ, ಶಿಕ್ಷಕರನ್ನು ಒದಗಿಸುತ್ತದೆ. ನಮ್ಮಲ್ಲಿ ಸರಿಯಾಗಿ ಐದು ಮಕ್ಕಳು. ಐದನೆಯವಳು ನನ್ನ ಒಂಬತ್ತು ವರ್ಷದ ಮಗಳು.

ಕಳೆದ ಚಳಿಗಾಲದಲ್ಲಿ ಪಾಠದ ಮೊದಲ ಹತ್ತು ನಿಮಿಷ ಗೀತೆಯ ಶ್ಲೋಕ ಹೇಳಿಸುವುದು ಶುರುವಾಯಿತು. ಉಳಿದ ಮನೆಯವರು ಕೇಳಿಕೊಂಡಿದ್ದರು. ಇಲ್ಲಿನ ಶಾಲೆಯಲ್ಲಿ ಧರ್ಮಗಳ ಬಗ್ಗೆ ತಿಳಿಸಬಹುದು, ಯಾವ ಧರ್ಮದ ಆಚರಣೆಯನ್ನೂ ಮಾಡಿಸುವಂತಿಲ್ಲ. ನಾನು ಅದನ್ನೇ ಕನ್ನಡ ಕಲಿಸುವ ಮೇಡಂಗೆ ಹೇಳಿದೆ. ಬೆಳಗಿನಿಂದ ಶಿಶುವಿಹಾರದಲ್ಲಿ ದುಡಿದು ಬಂದಿದ್ದ ಅವರು ಜಾಕೆಟ್ ಕೂಡ ಬಿಚ್ಚಿರಲಿಲ್ಲ.

"ಸರ್, ನೀವು ಹೋಗಿ ಹೆಡ್‌ಮಾಸ್ಟರ್‌ಗೆ ಹೇಳಿದ್ರೆ ಶ್ಲೋಕ ನಿಲ್ಲುತ್ತೆ. ಆಗ ಉಳಿದ ಮನೆಯವರು ಮಕ್ಕಳನ್ನ ಬಿಡಿಸ್ತಾರೆ. ನೀವು ಬಿಡಿಸಿದ್ರೂ ಅಷ್ಟೇ. ಕ್ಲಾಸೇ ಇರಲ್ಲ."

ಆ ಭಾನುವಾರ ಐದು ಮನೆಯವರೂ ಮೇಡಂ ಜೊತೆ ಒಬ್ಬರ ಮನೆಯಲ್ಲಿ ಫಿಕಾ, ಎಂದರೆ ಇಲ್ಲಿನ ಕಾಫಿ-ತಿಂಡಿಯ ನೆಪದಲ್ಲಿ ಸೇರಿದೆವು. ಶ್ಲೋಕದ ಬದಲು ಎಲ್ಲರಿಗೂ ನೀತಿಪಾಠ ಇರಲಿ ಎಂದೆ.

"ಗೀತೆಯಲ್ಲಿ ಇರೋದು ನೀತಿ ಅಲ್ವಾ ಮತ್ತೆ?" ಎಂದು ಒಬ್ಬರು ನಕ್ಕರು. "ನಿಮಗೆ ಬೇಡ ಅಂದ್ರೆ ನಿಮ್ಮ ಮಗಳಿಗೆ ಬೇರೆ ಕೊಡಿ, ಬಿಡಿ."

"ಒಂದು ಮಗೂನ ಒಂಟಿಯಾಗಿ ಹೊರಗೆ ಕೂರಿಸೋಕೆ ನನಗೆ ಮನಸ್ಸಿಲ್ಲ," ಎಂದರು ಮೇಡಂ.

ಆಗ ನಾನು ನನ್ನ ಶಾಲೆಯ ಕಥೆ ಹೇಳಿದೆ. ತುಮಕೂರಿನ ಸರಕಾರಿ ಶಾಲೆ. ಶನಿವಾರ ಮೇಷ್ಟ್ರು ಶ್ಲೋಕ ಹೇಳಿಸುವಾಗ, ಬೇಡವೆಂದವರು ನೀತಿ ಪುಸ್ತಕ ಹಿಡಿದು ಜಗಲಿಯಲ್ಲಿ ಕೂರಬಹುದಿತ್ತು. ನಾನು ಹಾಗೆ ಕೂತವನು. ಕೆಂಪು ಗಾರೆಯ ತಣ್ಣನೆ ನೆಲ, ಸಾಲುಗಟ್ಟಿದ ಇರುವೆ, 'ಸದಾ ಸತ್ಯವನ್ನೇ ನುಡಿಯಬೇಕು' ಎಂದು ಹತ್ತು ಸಲ ಕಾಪಿ ಬರೆದದ್ದು. ನನಗೇನೂ ಬೇಜಾರಾಗಿರಲಿಲ್ಲ ಎಂದೆ. ಮೇಡಂ ಒಪ್ಪಿದರು.

ನಾನೇ ಒಂದು ಪುಸ್ತಕ ತಯಾರಿಸಿದೆ. 'ಗೆಳತಿ ಹೇಳಿದ ಗುಟ್ಟನ್ನು ಯಾವಾಗ ಬೇರೆಯವರಿಗೆ ಹೇಳಬೇಕು?' ಅಂಥ ಪ್ರಶ್ನೆಗಳು, ಉತ್ತರಕ್ಕೆ ಖಾಲಿ ಗೆರೆಗಳು. ನಾನೂ ಹೀಗೇ ಹೊರಗೆ ಕೂರುತ್ತಿದ್ದೆ ಎಂದು ಮಗಳಿಗೂ ಹೇಳಿದೆ. ಪ್ರತಿ ಗುರುವಾರ ಅವಳು ಹತ್ತು ನಿಮಿಷ ಕಾರಿಡಾರಿನ ಬೆಂಚಿನಲ್ಲಿ, ಚಳಿ ಜಾಕೆಟ್‌ಗಳ ಸಾಲಿನ ಕೆಳಗೆ ಕೂತಳು. ಹೇಗಿತ್ತು ಎಂದು ಕೇಳಿದರೆ "ಓಕೇ" ಎನ್ನುತ್ತಿದ್ದಳು. ಬರಬರುತ್ತಾ ಗೆರೆಗಳ ಮೇಲೆ ಉತ್ತರಗಳ ಬದಲು ಬೆಕ್ಕುಗಳು ಬಂದವು. ನಾನೂ ಕೇಳುವುದು ಬಿಟ್ಟೆ.

ಫೆಬ್ರವರಿಯಲ್ಲಿ ಅಕ್ಕನ ಜೊತೆ ಫೋನಿನಲ್ಲಿ ಮಾತಾಡುತ್ತಾ ಇದನ್ನು ಹೇಳಿದೆ. ಅವಳು ಅದೇ ಶಾಲೆಯಲ್ಲಿ ನನಗಿಂತ ಎರಡು ತರಗತಿ ಮುಂದಿದ್ದವಳು.

"ನೀನು ಯಾವಾಗ ಜಗಲೀಲಿ ಕೂತಿದ್ದೆ?" ಎಂದಳು. "ನೀನು ಮುಂದೆ ನಿಂತು ಹೇಳ್ಕೊಡ್ತಿದ್ದೆ, ಉಳಿದವರು ಹಿಂದೆ ಹೇಳೋರು. ಹೊರಗೆ ಕೂರ್ತಿದ್ದಿದ್ದು ಆ ಟೈಲರ್ ಮಗಳು ಕಣೋ. ಪಾಪ, ಬೆಲ್ ಹೊಡೆಯೋ ತನಕ ತಲೆ ಎತ್ತುತ್ತಿರ್ಲಿಲ್ಲ."

"ನಾನು ಕಾಪಿ ಬರೆದಿದ್ದು ಚೆನ್ನಾಗಿ ನೆನಪಿದೆ ಅಕ್ಕ."

"ನಿಂಗೆ ಓದು ಜಾಸ್ತಿ ಆಯ್ತು."

ನೆನಪು ನಂಬಿಕಸ್ಥ ಸಾಕ್ಷಿಯಲ್ಲ ಎಂದು ವಿಶ್ವವಿದ್ಯಾಲಯದಲ್ಲಿ ಓದಿದ್ದೇನೆ, ವಿದ್ಯಾರ್ಥಿಗಳಿಗೆ ಹೇಳಿಯೂ ಇದ್ದೇನೆ. ಅಕ್ಕನದೂ ನೆನಪೇ. ಆದರೂ ನನ್ನದನ್ನು ಮತ್ತೆ ಬಿಚ್ಚಿ ನೋಡಿದೆ. ನೆಲ ಇತ್ತು, ಇರುವೆಗಳೂ ಇದ್ದವು. ಜೊತೆಗೆ, ಕಾಪಿಪುಸ್ತಕದ ಮೇಲೆ ಬಾಗಿದ ತಲೆ, ಎರಡು ಜಡೆ, ಮಾಸಿದ ರಿಬ್ಬನ್ನು. ಇಷ್ಟು ವರ್ಷ ಆ ರಿಬ್ಬನ್ನು ಯಾರದೆಂದು ನಾನು ಕೇಳಿಕೊಂಡಿರಲಿಲ್ಲ. ಅದನ್ನೆಲ್ಲ ಕಿಟಕಿಯ ಒಳಗಿನಿಂದ ನೋಡಿದ್ದೆ. ಅವಳಿಗೆ ಬೇಜಾರಾಗಿತ್ತೋ ಇಲ್ಲವೋ ನನಗೆ ಹೇಗೆ ಗೊತ್ತಿರಬೇಕು?

ಮರುದಿನವೇ ಮೇಡಂಗೆ ಫೋನ್ ಮಾಡಿ, ನಾನು ಹೇಳಿದ ಕಥೆ ನನ್ನದಲ್ಲದಿರಬಹುದು ಎಂದೆ.

"ನೀವು ಹಾಗಂದ್ರಿ ಅಂತಲೇ ನಾನು ಒಪ್ಪಿದ್ದು, ಸರ್."

"ಗೊತ್ತು ಮೇಡಂ."

ಕೊನೆಗೆ ಅವರೇ ದಾರಿ ಹುಡುಕಿದರು. ಶ್ಲೋಕ ಹೇಳಿಸುವುದು ಪಾಠ ಮುಗಿದ ಮೇಲೆ, ಶಾಲೆಯ ಲೆಕ್ಕಕ್ಕೆ ಸೇರದೆ, ಬೇಕಾದವರಿಗೆ ಮಾತ್ರ. ಮೊದಲ ಹತ್ತು ನಿಮಿಷ ನನ್ನ ಪ್ರಶ್ನೆಗಳು, ಐದೂ ಮಕ್ಕಳಿಗೆ. ಹಾಗೆ ಮಾಡಿದರೂ ಸರಿಹೋಯಿತೆಂದು ನನಗೆ ಅನಿಸಲಿಲ್ಲ. ವಾದಿಸುವ ಶಕ್ತಿ ಮಾತ್ರ ಯಾರಲ್ಲೂ ಉಳಿದಿರಲಿಲ್ಲ.

ಆ ಗುರುವಾರ ಕರೆದುಕೊಂಡು ಹೋಗಲು ಬಂದರೆ ಮಗಳು ಅದೇ ಬೆಂಚಿನ ಮೇಲೆ ಕೂತಿದ್ದಳು.

"ಮುಗೀತಲ್ಲ, ಬಾ."

"ನನ್ನ ಫ್ರೆಂಡ್ ಒಳಗಿದ್ದಾಳೆ. ವೇಟ್ ಮಾಡ್ತೀನಿ."

ನಾನೂ ಪಕ್ಕದಲ್ಲಿ ಕೂತೆ. ಒಳಗೆ ಮಕ್ಕಳು ಒಂದು ಸಾಲು ಹೇಳಿ ಮುಂದಿನದು ಸಿಗದೆ ನಿಂತರು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನ ತುಟಿ ಆ ಮುಂದಿನ ಸಾಲನ್ನು ಹೇಳಿ ಮುಗಿಸಿತ್ತು.

"ಅಪ್ಪಾ, ನೀನು ಹೊರಗೆ ಕೂರ್ತಿದ್ದೆ ಅಂದ್ಯಲ್ಲ?"

"ಕೂರ್ತಿದ್ದಿದ್ದು ನಾನಲ್ಲ. ನನ್ನ ಕ್ಲಾಸಿನ ಒಬ್ಬಳು ಹುಡುಗಿ."

"ಅವಳಿಗೆ ಬೋರ್ ಆಗ್ತಿತ್ತಾ?"

"ನಾನು ಕೇಳಲಿಲ್ಲ," ಎಂದೆ. "ನಿನಗೆ?"

ಅವಳು ಬಾಗಿಲ ಕಡೆ ನೋಡಿದಳು. "ಹ್ಞೂಂ. ತುಂಬಾ," ಎಂದಳು.